ಅಲನ್ ಟ್ಯೂರಿಂಗ್

ಒಂದು ಕಚೇರಿಯ ಗಣಕಯಂತ್ರದಲ್ಲಿ ಸಾವಿರ ಕಡತಗಳಿವೆಯೆಂದು ಭಾವಿಸೋಣ. ಅವುಗಳಲ್ಲಿ 'ಮೈಸೂರು ರಾಜ್ಯ' ಎಂದಿರುವ ಕಡೆಯಲ್ಲೆಲ್ಲ 'ಕರ್ನಾಟಕ ರಾಜ್ಯ' ಎಂದು ತಿದ್ದಬೇಕಾಗಿದೆ. ಒಬ್ಬರೇ ಕುಳಿತು ತಿದ್ದಹೊರಟರೆ ವಾರಗಳೇ ಹಿಡಿಯುತ್ತವೆ. ಆದರೆ ಬಲ್ಲವರು ಕೆಲವೇ ಸಾಲುಗಳಲ್ಲಿ ಆಜ್ಞೆಗಳನ್ನು ಬರೆದಿಟ್ಟರೆ, ಯಂತ್ರವು ಒಂದೊಂದೇ ಕಡತವನ್ನು ತೆರೆದು, ಸಾಲುಸಾಲಾಗಿ ಓದಿ, ಹಳೆಯ ಹೆಸರನ್ನು ಅಳಿಸಿ, ಹೊಸದನ್ನು ಬರೆದು, ಅಲ್ಪಕಾಲದಲ್ಲಿಯೇ ಕೆಲಸವನ್ನು ಮುಗಿಸುತ್ತದೆ. ಇಂಥ ಆಜ್ಞೆಗಳ ಪಟ್ಟಿಗೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಓದುವ, ಅಳಿಸುವ, ಬರೆಯುವ ಕಾರ್ಯವನ್ನು ನಿಯಮಗಳಿಗೆ ಒಳಪಡಿಸಿ ಯಂತ್ರಕ್ಕೆ ಒಪ್ಪಿಸಬಹುದೆಂಬುದನ್ನು, ಅಂತಹ ಯಂತ್ರವೇ ಇಲ್ಲದಿದ್ದ ಕಾಲದಲ್ಲಿ ತರ್ಕದಿಂದ ತೋರಿಸಿಕೊಟ್ಟವನು ಆಂಗ್ಲ ಗಣಿತಜ್ಞ ಅಲನ್ ಮ್ಯಾಥಿಸನ್ ಟ್ಯೂರಿಂಗ್.

ಟ್ಯೂರಿಂಗನು 1912ನೆಯ ಇಸವಿ ಜೂನ್ 23ರಂದು ಲಂಡನ್ ನಗರದಲ್ಲಿ ಜನಿಸಿದನು. ತಂದೆ ಮದರಾಸು ಪ್ರಾಂತದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ. ಮಕ್ಕಳು ಮಾತ್ರ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆದರು. 1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತುಹೋಗಿದ್ದವು. ಬಾಲಕ ಟ್ಯೂರಿಂಗನು ಸುಮಾರು 60 ಮೈಲಿಗಳ ದಾರಿಯನ್ನು ಬೈಸಿಕಲ್ಲಿನಲ್ಲಿಯೇ ಕ್ರಮಿಸಿ ಶಾಲೆಯನ್ನು ಸೇರಿದನು. ವಿಜ್ಞಾನದಲ್ಲಿ ಸಮಾನ ಆಸಕ್ತಿಯಿದ್ದ ಕ್ರಿಸ್ಟೋಫರ್ ಮಾರ್ಕಮ್ ಎಂಬ ಸಹಪಾಠಿ ಅವನ ಪರಮಮಿತ್ರನಾದನು. 1930ರಲ್ಲಿ ಆ ಮಿತ್ರನು ಅಕಾಲ ಮರಣಕ್ಕೆ ತುತ್ತಾದುದು ಟ್ಯೂರಿಂಗನ ಮನಸ್ಸನ್ನು ಕಲಕಿತು.

1931ರಲ್ಲಿ ಅವನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದನು. 1936ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಪ್ರೌಢಪ್ರಬಂಧವನ್ನು ರಚಿಸಿದನು. ಅದರಲ್ಲಿ ಅವನು ಒಂದು ಕಾಲ್ಪನಿಕ ಯಂತ್ರವನ್ನು ವರ್ಣಿಸಿದನು. ಅದರ ಮುಂದೆ ಚೌಕಗಳಾಗಿ ವಿಭಾಗಿಸಿದ ಉದ್ದನೆಯ ಪಟ್ಟಿಯಿರುತ್ತದೆ. ಯಂತ್ರವು ಒಂದು ಬಾರಿಗೆ ಒಂದೇ ಚೌಕದ ಚಿಹ್ನೆಯನ್ನು ಓದುತ್ತದೆ. ನಿಯಮಗಳ ಕೋಷ್ಟಕವು ವಿಧಿಸಿದಂತೆ ಅದನ್ನು ಅಳಿಸಿ ಬೇರೊಂದನ್ನು ಬರೆಯುತ್ತದೆ. ಬಳಿಕ ಎಡಕ್ಕೋ ಬಲಕ್ಕೋ ಒಂದು ಚೌಕ ಸರಿಯುತ್ತದೆ. ಕ್ರಮಬದ್ಧವಾದ ಯಾವ ಗಣನೆಯನ್ನಾದರೂ ಇಂಥ ಸಣ್ಣ ಹೆಜ್ಜೆಗಳಾಗಿ ಒಡೆಯಬಹುದೆಂದು ಅವನು ವಾದಿಸಿದನು. ಯಾವ ಯಂತ್ರದಿಂದಲೂ ಬಿಡಿಸಲಾಗದ ಪ್ರಶ್ನೆಗಳೂ ಇವೆಯೆಂದು ಅದೇ ಪ್ರಬಂಧದಲ್ಲಿ ಸಿದ್ಧಪಡಿಸಿದನು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಜರ್ಮನರು ತಮ್ಮ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ಪರಿವರ್ತಿಸುತ್ತಿದ್ದರು. ಟ್ಯೂರಿಂಗನು ಬ್ಲೆಚ್‌ಲಿ ಪಾರ್ಕಿಗೆ ತೆರಳಿ, ಪೋಲೆಂಡಿನ ಗಣಿತಜ್ಞರು ಹಾಕಿದ್ದ ತಳಹದಿಯ ಮೇಲೆ ಬಾಂಬ್ ಎಂಬ ಹೆಸರಿನ ಶೋಧಕ ಯಂತ್ರವನ್ನು ರೂಪಿಸಿದನು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನು ತಾನಾಗಿಯೇ ಉಳಿಯುತ್ತಿರಲಿಲ್ಲ. ಈ ದೋಷವನ್ನು ಹಿಡಿದು, ಸಂದೇಶದಲ್ಲಿ ಇರಬಹುದಾದ ಪದಗಳನ್ನು ಊಹಿಸಿ, ಹೊಂದದ ಜೋಡಣೆಗಳನ್ನು ಯಂತ್ರದ ಮೂಲಕ ತಳ್ಳಿಹಾಕುತ್ತ ಹೋಗಲಾಯಿತು. ಮೊದಲ ಬಾಂಬ್ 1940ರ ಮಾರ್ಚಿನಲ್ಲಿ ಸ್ಥಾಪಿತವಾಯಿತು. ಅಟ್ಲಾಂಟಿಕ್ ಸಾಗರದಲ್ಲಿ ಸಾಗುತ್ತಿದ್ದ ಹಡಗುಗಳ ರಕ್ಷಣೆಗೆ ಈ ಕಾರ್ಯವು ನೆರವಾಯಿತು. ಆದರೆ ಈ ಸಂಗತಿಯು 1970ರ ದಶಕದವರೆಗೂ ರಹಸ್ಯವಾಗಿಯೇ ಉಳಿಯಿತು.

ಯುದ್ಧಾನಂತರ ಟ್ಯೂರಿಂಗನು ನಿಜವಾದ ಗಣಕಯಂತ್ರಗಳ ನಿರ್ಮಾಣದಲ್ಲಿ ತೊಡಗಿದನು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಯಂತ್ರವು ಆಜ್ಞೆಯನ್ನು ಪಾಲಿಸುತ್ತದೆಯೇ ಹೊರತು ಅದರ ಯುಕ್ತಾಯುಕ್ತತೆಯನ್ನು ವಿಚಾರಿಸುವುದಿಲ್ಲ. ಮೇಲೆ ಹೇಳಿದ ಉದಾಹರಣೆಯಲ್ಲಿ, ನಾಡಿನ ಹಳೆಯ ಚರಿತ್ರೆಯನ್ನು ಹೇಳುವ ಕಡತದಿಂದಲೂ ಅದು ಮೈಸೂರಿನ ಹೆಸರನ್ನು ಅಳಿಸಿಬಿಡುತ್ತದೆ. ಆದ್ದರಿಂದ ಆಜ್ಞೆಗಳನ್ನು ಮೊದಲೇ ಪರೀಕ್ಷಿಸುವುದು ಅಗತ್ಯ. ದೀರ್ಘವಾದ ಆಜ್ಞಾವಳಿಯನ್ನು ಹಂತಹಂತವಾಗಿ ಪರಿಶೀಲಿಸುವ ವಿಧಾನವೊಂದನ್ನು ಟ್ಯೂರಿಂಗನು 1949ರಲ್ಲಿಯೇ ವಿವರಿಸಿದನು. ಮುಂದೆ, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭಗೊಂಡ ಯುನಿಕ್ಸ್ ವ್ಯವಸ್ಥೆಯಲ್ಲಿ ಶೆಲ್ ಸ್ಕ್ರಿಪ್ಟುಗಳೂ, ಸಾಲುಗಳನ್ನು ತಾನಾಗಿ ತಿದ್ದುವ ಸೆಡ್ ಎಂಬ ಸಾಧನವೂ ಬಳಕೆಗೆ ಬಂದವು.

ದೇಶಕ್ಕೆ ಇಷ್ಟು ಸೇವೆ ಸಲ್ಲಿಸಿದವನನ್ನು ದೇಶದ ಕಾನೂನು ಕನಿಕರಿಸಲಿಲ್ಲ. ಪುರುಷರ ನಡುವಣ ಪ್ರೇಮಸಂಬಂಧವು 1885ರ ಶಾಸನದಂತೆ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. 1952ರಲ್ಲಿ ಈ ಶಾಸನದಡಿಯಲ್ಲಿ ಟ್ಯೂರಿಂಗನು ಶಿಕ್ಷೆಗೆ ಗುರಿಯಾದನು. ಸೆರೆಮನೆಗೆ ಬದಲಾಗಿ, ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ಗೂಢಲಿಪಿಯ ಸರ್ಕಾರಿ ಕಾರ್ಯದಿಂದಲೂ ಅವನನ್ನು ದೂರವಿರಿಸಲಾಯಿತು. 1954ರ ಜೂನ್ 7ರಂದು, 42 ವರ್ಷಗಳು ತುಂಬುವ ಮೊದಲೇ, ಅವನು ಸಯನೈಡ್ ವಿಷದಿಂದ ಮೃತನಾದನು.

ಆ ಕಾನೂನು 1967ರಲ್ಲಿ ಸಡಿಲಗೊಂಡಿತು. 2009ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಯು ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದನು. 2013ರಲ್ಲಿ ರಾಣಿಯ ಕ್ಷಮಾದಾನವು ದೊರೆಯಿತು. 2021ರಲ್ಲಿ 50 ಪೌಂಡುಗಳ ನೋಟಿನ ಮೇಲೆ ಅವನ ಭಾವಚಿತ್ರವು ಮುದ್ರಿತವಾಯಿತು. ಇವಾವುದನ್ನೂ ಕಾಣಲು ಅವನಿರಲಿಲ್ಲ. ಯಂತ್ರವು ತಪ್ಪು ನಿಯಮವನ್ನೂ ಸರಿಯಾದ ನಿಯಮದಂತೆಯೇ ನಡೆಸುತ್ತದೆ. ನಿಯಮವು ನ್ಯಾಯವೇ ಎಂದು ಕೇಳಿ, ತಪ್ಪಿದ್ದರೆ ಸಕಾಲದಲ್ಲಿ ತಿದ್ದುವ ಹೊಣೆಯು ಮನುಷ್ಯನದು.