ಕಲ್ಲುಗಳಿಗೆ ಊರು ಬರೆದಿಟ್ಟ ಮಹನೀಯರು

ಶಂಶಾಬಾದಿನಿಂದ ದಕ್ಷಿಣಕ್ಕೆ ಕರ್ನೂಲಿನತ್ತ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ, ಯಾರೋ ಪೇರಿಸಿಟ್ಟಂತೆ ಗ್ರಾನೈಟಿನ ಹೆಬ್ಬಂಡೆಗಳು ನಿಂತಿವೆ. ಅವುಗಳ ಮೇಲೇರಿ ಆಡಿದವರೇ ನಾವೆಲ್ಲ. ಆದರೆ ಕಲ್ಲಿಗೂ ಚರಿತ್ರೆಯುಂಟೆಂಬ ಅರಿವು ನಮಗೆ ಮೂಡಿದುದು ಶೈಕ್ಷಣಿಕ ಪ್ರವಾಸದಲ್ಲಿ, ಕಡಲ ತಡಿಯ ಚೆನ್ನೈ ನಗರದ ಸರಕಾರಿ ವಸ್ತುಸಂಗ್ರಹಾಲಯವನ್ನು ಕಂಡ ಮೇಲೆ. 1851ರಲ್ಲಿ ಆರಂಭವಾದ ಈ ಸಂಸ್ಥೆಯು ಭೂವಿಜ್ಞಾನದ ಮಾದರಿಗಳಿಂದಲೇ ಮೊದಲಾಯಿತು. ಶಿಲೆ, ಖನಿಜ, ಪಳೆಯುಳಿಕೆಗಳನ್ನು ನೋಡುತ್ತ ಬಂದ ನಮ್ಮ ಮನಸ್ಸನ್ನು ಸೆರೆಹಿಡಿದುದು ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನ.

ಫೂಟರು 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. 1863ರ ಮೇ 30ರಂದು, ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಅವರಿಗೊಂದು ಕಲ್ಲು ಸಿಕ್ಕಿತು. ಅದರ ಅಂಚುಗಳು ತಾವಾಗಿ ಒಡೆದವಲ್ಲ, ಮನುಷ್ಯನ ಕೈಯಿಂದ ಕೆತ್ತಲ್ಪಟ್ಟವೆಂದು ಅವರು ಕಂಡುಕೊಂಡರು. ಮಾನವಕುಲದ ಪ್ರಾಚೀನತೆಯನ್ನು ಯುರೋಪಿನ ಪಂಡಿತರೇ ಆಗತಾನೆ ಒಪ್ಪತೊಡಗಿದ್ದ ಕಾಲವದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಮತ್ತಷ್ಟು ಕೈಗೊಡಲಿಗಳನ್ನು ಕಂಡರು.

ಕನ್ನಡಿಗರಾದ ನಮಗೆ ಅವರು ಇನ್ನೂ ಹತ್ತಿರದವರು. ರಾಯಚೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಸುತ್ತಿ, ಇಲ್ಲಿನ ಪುರಾತನ ಶಿಲಾಸ್ತರಗಳಿಗೆ ಧಾರವಾಡದ ಹೆಸರನ್ನಿತ್ತವರು ಅವರೇ. ಅವರು ಬರೆದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥವು 1895ರಲ್ಲಿ ಪ್ರಕಟವಾಯಿತು. ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳಲ್ಲಿ 1884-85ರ ಸುಮಾರಿಗೆ ಅವರು ತಮ್ಮ ಮಗನೊಡನೆ ಉತ್ಖನನ ನಡೆಸಿದರು. ಅಲ್ಲಿ ದೊರೆತ ಪ್ರಾಣಿಗಳ ಎಲುಬುಗಳಲ್ಲಿ ಖಡ್ಗಮೃಗದವೂ ಇದ್ದವು. 1891ರಲ್ಲಿ ನಿವೃತ್ತರಾದ ಮೇಲೂ ಅವರು ವಿಶ್ರಮಿಸಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾದರು.

ಫೂಟರು ಕಲ್ಲುಗಳನ್ನು ಕೂಡಿಹಾಕಿದರಷ್ಟೇ ಅಲ್ಲ, ಅವು ಯಾವ ಊರಿನಲ್ಲಿ ದೊರೆತವೆಂಬುದನ್ನೂ ಶ್ರದ್ಧೆಯಿಂದ ಬರೆದಿಟ್ಟರು. ಅವರ ಸಂಗ್ರಹವು 1904ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸಂಗ್ರಹದ ವಿವರಪಟ್ಟಿಯು ಅನಂತರವಷ್ಟೇ ಅಚ್ಚಾಯಿತು. ಅವರು ಸ್ಥಳವನ್ನು ಗುರುತಿಸಿಟ್ಟುದರಿಂದಲೇ ಮುಂದಿನ ವಿದ್ವಾಂಸರು ಅತ್ತಿರಂಪಾಕ್ಕಮಿಗೆ ಮರಳಿ ಹೋಗಿ ಅಗೆಯುವುದು ಸಾಧ್ಯವಾಯಿತು. ಅಲ್ಲಿನ ಅತಿ ಹಳೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪುರಾತನವೆಂದು 2011ರಲ್ಲಿ ಪ್ರಕಟವಾಯಿತು.

ಹಿಂದಿರುಗುವಾಗ ನಮ್ಮಲ್ಲೊಬ್ಬನು ತನ್ನ ಮನೆಯ ಕಪಾಟಿನಲ್ಲಿರುವ ಹೊಳಪಿನ ಕಲ್ಲೊಂದನ್ನು ನೆನೆದನು. ಅದನ್ನು ಯಾವ ಗುಡ್ಡದಿಂದ ತಂದನೆಂಬುದು ಅವನಿಗೇ ಮರೆತುಹೋಗಿತ್ತು. ಊರು ತಪ್ಪಿದ ಕಲ್ಲು ಮೂಕವಾಗುತ್ತದೆ. ಇತ್ತ ನಗರವು ಬೆಳೆದಂತೆ ನಮ್ಮ ಸುತ್ತಣ ಬಂಡೆಗಳು ಒಡೆದು ಜಲ್ಲಿಯಾಗುತ್ತಿವೆ. ಅವುಗಳನ್ನು ತಡೆದು ನಿಲ್ಲಿಸುವ ಶಕ್ತಿ ನಮಗಿಲ್ಲ. ಆದರೆ ಯಾವ ಬಂಡೆ ಎಲ್ಲಿತ್ತೆಂದು ಬರೆದಿಡಲು ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಆ ಪುಸ್ತಕದ ಮೊದಲ ಪುಟವನ್ನು ಈ ವರ್ಷವೇ ಬರೆಯತೊಡಗಿದ್ದೇವೆ.