ಮಾಸ್ತಿ ವೆಂಕಟೇಶ ಅಯ್ಯಂಗಾರ್

ಮಾಸ್ತಿ ವೆಂಕಟೇಶ ಅಯ್ಯಂಗಾರ್ (ಜೂನ್ 6, 1891 – ಜೂನ್ 6, 1986) ಕನ್ನಡದ ಹೆಸರಾಂತ ಕಥೆಗಾರರು, ಕಾದಂಬರಿಕಾರರು, ಕವಿ ಮತ್ತು ವಿಮರ್ಶಕರು. ಮೈಸೂರು ಸಂಸ್ಥಾನದ ಹಿರಿಯ ಆಡಳಿತಾಧಿಕಾರಿಯೂ ಆಗಿದ್ದರು. ‘ಶ್ರೀನಿವಾಸ’ ಎಂಬುದು ಇವರ ಕಾವ್ಯನಾಮ. ಕನ್ನಡ ಸಣ್ಣಕಥೆಗೆ ಗಟ್ಟಿಯಾದ ನೆಲೆ ಒದಗಿಸಿದವರೆಂದು ಇವರನ್ನು ಗೌರವಿಸಲಾಗುತ್ತದೆ. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. 1931ರಲ್ಲಿ ಮೈಸೂರು ಸಂಸ್ಥಾನದ ಜನಗಣತಿಯನ್ನು ನಡೆಸಿ ಅದರ ವರದಿಯನ್ನು ಸಿದ್ಧಪಡಿಸಿದ ಹೊಣೆಯೂ ಇವರದಾಗಿತ್ತು. ಸಂಸ್ಥಾನದ ವಯಸ್ಕರಲ್ಲಿ ಓದುಬರಹ ಬಲ್ಲವರೆಷ್ಟು ಎಂಬುದನ್ನು ತಿಳಿಸಿದ ಮುಖ್ಯ ದಾಖಲೆಗಳಲ್ಲಿ ಆ ವರದಿ ಒಂದು.

ಜನನ ಮತ್ತು ಬಾಲ್ಯ

ಮಾಸ್ತಿಯವರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಬಾಲ್ಯದ ಕೆಲವು ಕಾಲವನ್ನು ಅದೇ ತಾಲ್ಲೂಕಿನ ಮಾಸ್ತಿ ಗ್ರಾಮದಲ್ಲಿ ಕಳೆದರು. ಆ ಊರಿನ ಹೆಸರೇ ಮುಂದೆ ಇವರ ಹೆಸರಾಗಿ ನಾಡಿನಲ್ಲೆಲ್ಲ ಪರಿಚಿತವಾಯಿತು. ಮನೆಯ ಮಾತು ತಮಿಳು, ಕಲಿತು ಬರೆದದ್ದು ಕನ್ನಡ.

ಕೋಲಾರ ಜಿಲ್ಲೆ ಮೂರು ಭಾಷೆಗಳು ಕೂಡುವ ಗಡಿನಾಡು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಮಾಲೂರಿನ ದಕ್ಷಿಣಕ್ಕೆ ಹೊಸೂರಿನ ಕಡೆ ತಮಿಳು ಕೇಳಿಬರುತ್ತದೆ. ಚಿನ್ನದ ಗಣಿಗಳಿಗೆ ದುಡಿಯಲು ಬಂದ ಸಾವಿರಾರು ಕುಟುಂಬಗಳ ಮಾತೂ ತಮಿಳೇ. ಮಾಸ್ತಿಯವರ ಸ್ನೇಹಿತರಾಗಿದ್ದ ಡಿ.ವಿ.ಗುಂಡಪ್ಪನವರು ಇದೇ ಜಿಲ್ಲೆಯ ಮುಳಬಾಗಿಲಿನವರು.

ವಿದ್ಯಾಭ್ಯಾಸ

ಹಳ್ಳಿಯ ಶಾಲೆಗಳಲ್ಲಿ ಆರಂಭವಾದ ಇವರ ವಿದ್ಯಾಭ್ಯಾಸ ಮುಂದೆ ಮೈಸೂರು ಮತ್ತು ಬೆಂಗಳೂರುಗಳಲ್ಲಿ ಮುಂದುವರಿಯಿತು. ಬಿ.ಎಂ.ಶ್ರೀಕಂಠಯ್ಯನವರ ಪ್ರಭಾವ ಇವರ ಮೇಲೆ ಆಳವಾಗಿತ್ತು. 1914ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು. ಹಳ್ಳಿಯ ಹುಡುಗನೊಬ್ಬ ಇಂಗ್ಲಿಷ್ ಓದುವುದು ಆ ದಿನಗಳಲ್ಲಿ ಊರವರೆಲ್ಲ ಕುತೂಹಲದಿಂದ ನೋಡುವ ಸಂಗತಿಯಾಗಿತ್ತು. ಇವರ ಆರಂಭದ ಕಥೆಗಳಲ್ಲೊಂದಾದ ‘ರಂಗನ ಮದುವೆ’ಯಲ್ಲಿ ಈ ಸನ್ನಿವೇಶವೇ ಹಾಸ್ಯದ ವಸ್ತುವಾಗಿದೆ. ಬೆಂಗಳೂರಿನಲ್ಲಿ ಓದಿ ಮರಳಿದ ರಂಗನನ್ನು ನೋಡಲು ಹಳ್ಳಿಗೆ ಹಳ್ಳಿಯೇ ಅವನ ಮನೆಗೆ ನೆರೆಯುತ್ತದೆ.

ಸರ್ಕಾರಿ ಸೇವೆ

ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾಸ್ತಿಯವರು ಅಸಿಸ್ಟೆಂಟ್ ಕಮಿಷನರ್ ಆಗಿ ಸೇವೆಗೆ ಸೇರಿದರು. ಸಂಸ್ಥಾನದ ಬೇರೆ ಬೇರೆ ಭಾಗಗಳಲ್ಲಿ ಕೆಲಸ ಮಾಡಿ ಡೆಪ್ಯುಟಿ ಕಮಿಷನರ್ ಹುದ್ದೆಗೆ ಏರಿದರು. ತಾಲ್ಲೂಕುಗಳಲ್ಲಿ ಸುತ್ತಾಟ, ಜಮಾಬಂದಿ, ವ್ಯಾಜ್ಯಗಳ ವಿಚಾರಣೆ ಮೊದಲಾದ ಕೆಲಸಗಳು ಇವರನ್ನು ಎಲ್ಲ ಬಗೆಯ ಜನರ ಸಂಪರ್ಕಕ್ಕೆ ತಂದವು. ಮೈಸೂರು ಮಹಾರಾಜರಿಂದ ‘ರಾಜಸೇವಾಸಕ್ತ’ ಎಂಬ ಬಿರುದು ದೊರೆಯಿತು.

1931ರ ಜನಗಣತಿ

1931ರ ಭಾರತ ಜನಗಣತಿಗೆ ಜೆ.ಎಚ್.ಹಟ್ಟನ್ ಅವರು ಮುಖ್ಯ ಕಮಿಷನರ್ ಆಗಿದ್ದರು. ಮೈಸೂರು ಸಂಸ್ಥಾನದ ಗಣತಿಯನ್ನು ಮಾಸ್ತಿಯವರಿಗೆ ಒಪ್ಪಿಸಲಾಯಿತು. ಭಾರತ ಜನಗಣತಿ ವರದಿಗಳ ಮಾಲೆಯಲ್ಲಿ ಇವರ ವರದಿ 25ನೆಯ ಸಂಪುಟವಾಗಿದೆ.

ಆ ಕಾಲದ ಗಣತಿ ಒಂದೇ ರಾತ್ರಿಯನ್ನು ಗುರಿಯಾಗಿಟ್ಟುಕೊಂಡು ನಡೆಯುತ್ತಿತ್ತು. ಮೊದಲು ಮನೆಗಳಿಗೆ ಸಂಖ್ಯೆ ಹಾಕಲಾಗುತ್ತಿತ್ತು, ಬಳಿಕ ಕರಡು ಪಟ್ಟಿ ಸಿದ್ಧವಾಗುತ್ತಿತ್ತು. 1931ರ ಫೆಬ್ರವರಿ 26ರ ರಾತ್ರಿ ಎಣಿಕೆಗಾರರು ಮನೆಮನೆಗೆ ಹೋಗಿ ಆ ಪಟ್ಟಿಯನ್ನು ತಿದ್ದಿ ಅಂತಿಮಗೊಳಿಸಿದರು. ಶಾಲೆಯ ಉಪಾಧ್ಯಾಯರು, ಶಾನುಭೋಗರು, ಪಟೇಲರು ಈ ಕೆಲಸದ ಬೆನ್ನೆಲುಬಾಗಿದ್ದರು. ಪ್ರತಿಯೊಬ್ಬರ ವಿವರವನ್ನು ಚೀಟಿಗೆ ಇಳಿಸಿಕೊಂಡು, ಚೀಟಿಗಳನ್ನು ಕೈಯಿಂದಲೇ ವಿಂಗಡಿಸಿ ಎಣಿಸಬೇಕಾಗಿತ್ತು. ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಜಿಲ್ಲೆಯಿಂದ ಬೇರ್ಪಡಿಸಿ ಪ್ರತ್ಯೇಕ ನಗರವಾಗಿ ತೋರಿಸಲಾಯಿತು.

ಈ ಗಣತಿಯಂತೆ ಸಂಸ್ಥಾನದ ಜನಸಂಖ್ಯೆ 65,57,302. 1921ರಲ್ಲಿ ಅದು 59,78,892 ಆಗಿತ್ತು. 1918ರ ಇನ್‌ಫ್ಲುಯೆಂಜಾ ಹಾವಳಿ ಕಂಡ ಹಿಂದಿನ ದಶಕದಲ್ಲಿ ಏರಿಕೆ ಶೇಕಡಾ 3ರಷ್ಟು ಮಾತ್ರವಿದ್ದು, ಈ ದಶಕದಲ್ಲಿ ಶೇಕಡಾ 9ನ್ನು ದಾಟಿತು. ಮಾತೃಭಾಷೆಯ ಜೊತೆಗೆ ನಿತ್ಯ ಬಳಸುವ ಮತ್ತೊಂದು ಭಾಷೆಯನ್ನೂ ಈ ಬಾರಿ ಕೇಳಿ ದಾಖಲಿಸಲಾಯಿತು. ಕೋಲಾರದಂತಹ ಜಿಲ್ಲೆಗೆ ಈ ಪ್ರಶ್ನೆ ಬಹಳ ಹೊಂದುತ್ತಿತ್ತು.

ಸಾಕ್ಷರತೆಯ ಅಳತೆ

1881 ಮತ್ತು 1891ರ ಗಣತಿಗಳಲ್ಲಿ ಜನರನ್ನು ಕಲಿಯುತ್ತಿರುವವರು, ಅಕ್ಷರಸ್ಥರು, ಅನಕ್ಷರಸ್ಥರು ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಗಿತ್ತು. 1901ರಿಂದ ಎರಡೇ ವರ್ಗಗಳು ಉಳಿದವು. 1911ರಲ್ಲಿ ಅಕ್ಷರಸ್ಥರೆಂದರೆ ಯಾರು ಎಂಬುದಕ್ಕೆ ಖಚಿತವಾದ ಅಳತೆಗೋಲು ಬಂದಿತು. ಸ್ನೇಹಿತನಿಗೆ ಒಂದು ಪತ್ರ ಬರೆದು, ಅವನ ಉತ್ತರವನ್ನು ಓದಿಕೊಳ್ಳಬಲ್ಲವರು ಮಾತ್ರ ಅಕ್ಷರಸ್ಥರು. ಕೇವಲ ಸಹಿ ಹಾಕಲು ಕಲಿತವರು, ಪುರಾಣವನ್ನು ಓದಬಲ್ಲವರಾದರೂ ಬರೆಯಲಾರದವರು ಈ ಲೆಕ್ಕದಿಂದ ಹೊರಗೆ ಉಳಿದರು. ಯಾವ ಭಾಷೆಯ ಓದುಬರಹವಾದರೂ ಸಾಕಾಗಿತ್ತು. ಇಂಗ್ಲಿಷ್ ಬಲ್ಲವರನ್ನು ಬೇರೆ ಕಲಮಿನಲ್ಲಿ ತೋರಿಸಲಾಗುತ್ತಿತ್ತು.

ಎಲ್ಲ ಪ್ರಾಂತ್ಯ, ಸಂಸ್ಥಾನಗಳಿಗೂ ಒಂದೇ ಅಳತೆಗೋಲು ಇದ್ದುದರಿಂದ ಹೋಲಿಕೆ ಸಾಧ್ಯವಾಯಿತು. 1931ರಲ್ಲಿ ಇಡೀ ಭಾರತದಲ್ಲಿ ಸಾಕ್ಷರರು ನೂರಕ್ಕೆ ಹತ್ತು ಮಂದಿಗಿಂತ ಕಡಿಮೆ. ಗಂಡಸರಲ್ಲಿ ಈ ಪ್ರಮಾಣ ಸುಮಾರು 16 ಇದ್ದರೆ, ಹೆಂಗಸರಲ್ಲಿ ಸುಮಾರು 3 ಮಾತ್ರ. ತಿರುವಾಂಕೂರು, ಕೊಚ್ಚಿ, ಬರೋಡ ಸಂಸ್ಥಾನಗಳು ಮುಂದಿದ್ದವು. ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರು ಈ ವಿಷಯದಲ್ಲಿ ಅವುಗಳಿಗಿಂತ ಹಿಂದೆ ಉಳಿದಿತ್ತು. ಸರ್ ಎಂ.ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತ್ತು. ಆದರೆ ಶಾಲೆಯ ವಯಸ್ಸು ಮೀರಿದವರಿಗೆ ಅದರಿಂದ ಪ್ರಯೋಜನವಿರಲಿಲ್ಲ. ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮಕ್ಕಳು ಕೆಲವೇ ವರ್ಷಗಳಲ್ಲಿ ಕಲಿತ ಅಕ್ಷರವನ್ನು ಮರೆಯುವುದೂ ಸಾಮಾನ್ಯವಾಗಿತ್ತು.

ಈ ಅಳತೆಗೆ ಒಂದು ಮಿತಿಯಿತ್ತು. ಎಣಿಕೆಗಾರರು ಪತ್ರ ಬರೆಸಿ ನೋಡುತ್ತಿರಲಿಲ್ಲ, ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. ಜನರಿಗೆ ಏನು ಬರುತ್ತದೆ ಎಂಬುದನ್ನು ಸಾಕ್ಷಾತ್ ಪರೀಕ್ಷಿಸುವ ಸಮೀಕ್ಷೆಗಳು ಬಹಳ ತಡವಾಗಿ ಬಂದವು. ಯುನೆಸ್ಕೊ 1958ರಲ್ಲಿ ದೇಶದೇಶಗಳ ಅಂಕಿ ಅಂಶಗಳಿಗೆ ಸಾಕ್ಷರತೆಯ ಸಮಾನ ವ್ಯಾಖ್ಯೆಯನ್ನು ಶಿಫಾರಸು ಮಾಡಿತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ವಯಸ್ಕರ ಸಾಕ್ಷರತಾ ಸಮೀಕ್ಷೆ ನಡೆಯಿತು. ಅದರ ಮುಂದುವರಿಕೆಯಾದ ಪಿಯಾಕ್ ಸಮೀಕ್ಷೆಯನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಓಇಸಿಡಿ) ನಡೆಸುತ್ತದೆ. ಇದರಲ್ಲಿ 16ರಿಂದ 65 ವರ್ಷದವರಿಗೆ ನಿತ್ಯಜೀವನದ ಬರಹಗಳನ್ನೂ ಲೆಕ್ಕಗಳನ್ನೂ ಕೊಟ್ಟು ಉತ್ತರ ಪಡೆಯಲಾಗುತ್ತದೆ. ಸಾಮರ್ಥ್ಯವನ್ನು 500 ಅಂಕಗಳ ಮಾಪಕದಲ್ಲಿ ಹಲವು ಹಂತಗಳಾಗಿ ಗುರುತಿಸಲಾಗುತ್ತದೆ. 2011–12ರ ಮೊದಲ ಸುತ್ತಿನಲ್ಲಿ 24 ದೇಶಗಳೂ, 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾದ ಸುತ್ತಿನಲ್ಲಿ 31 ದೇಶಗಳೂ ಭಾಗವಹಿಸಿದ್ದವು. ಭಾರತ ಇವುಗಳಲ್ಲಿ ಸೇರಿರಲಿಲ್ಲ. ಭಾರತದ ಜನಗಣತಿ ಇಂದಿಗೂ ಮನೆಯವರ ಹೇಳಿಕೆಯನ್ನೇ ಆಧರಿಸಿದೆ. 2011ರ ಗಣತಿಯಂತೆ ಕೋಲಾರ ಜಿಲ್ಲೆಯ ಸಾಕ್ಷರತೆ ಶೇಕಡಾ 74.39. ಇದು 7 ವರ್ಷ ಮೀರಿದವರ ಲೆಕ್ಕವಾದ್ದರಿಂದ 1931ರ ಅಂಕಿಗಳೊಡನೆ ನೇರವಾಗಿ ಹೋಲಿಸಲಾಗದು.

ಅನಕ್ಷರಸ್ಥರ ಸಂಸ್ಕೃತಿ

ಗಣತಿಯ ಕೆಲಸ ಮುಗಿದ ಕೆಲವು ವರ್ಷಗಳ ನಂತರ, 1937ರಲ್ಲಿ, ಮಾಸ್ತಿಯವರ ‘ಪಾಪ್ಯುಲರ್ ಕಲ್ಚರ್ ಇನ್ ಕರ್ನಾಟಕ’ ಎಂಬ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಕರ್ನಾಟಕದ ಸಾಮಾನ್ಯ ಜನರ ಬಾಳನ್ನು ರೂಪಿಸಿದ ಸಾಹಿತ್ಯ ಮತ್ತು ಧರ್ಮದ ಪರಂಪರೆಗಳನ್ನು ಇದು ಪರಿಚಯಿಸುತ್ತದೆ. ವಚನ, ದಾಸರ ಪದ, ಹರಿಕಥೆ, ಜನಪದ ಹಾಡುಗಳು ಓದು ಬಾರದವರಿಗೂ ಕಿವಿಯ ಮೂಲಕ ತಲುಪಿದ ವಿದ್ಯೆಗಳು. ಗಣತಿಯ ಕಲಮಿನಲ್ಲಿ ಇವುಗಳಿಗೆ ಜಾಗವಿರಲಿಲ್ಲ.

ಇವರ ಕಥೆಗಳಲ್ಲಿಯೂ ಅಂತಹ ಜನರೇ ಹೆಚ್ಚು. ‘ಮೊಸರಿನ ಮಂಗಮ್ಮ’ ಕಥೆಯ ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದು ಮೊಸರು ಮಾರುವ ಹೆಂಗಸು. ಮಗ ಸೊಸೆಯರೊಡನೆ ಬಂದ ಮನಸ್ತಾಪವನ್ನು ಅವಳು ವಿವರಿಸುವ ರೀತಿಯಲ್ಲಿ ಬಾಳನ್ನು ಬಲ್ಲ ವಿವೇಕವಿದೆ. ಓದಿದವರು ಆಕೆಯ ಮಾತನ್ನು ಕುಳಿತು ಕೇಳುವಂತೆ ಕಥೆ ಕಟ್ಟಲ್ಪಟ್ಟಿದೆ.

ರಾಜೀನಾಮೆ

1943ರಲ್ಲಿ ಮಂತ್ರಿಪದವಿಗೆ ಸಮಾನವಾದ ಹುದ್ದೆ ತಮಗೆ ಸಲ್ಲಬೇಕಾಗಿದ್ದು, ತಮಗಿಂತ ಕಿರಿಯರೊಬ್ಬರಿಗೆ ದೊರೆತಾಗ ಮಾಸ್ತಿಯವರು ಪ್ರತಿಭಟಿಸಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಪತ್ನಿ ಪಂಕಜಮ್ಮ ಹಾಗೂ ಆರು ಮಂದಿ ಹೆಣ್ಣುಮಕ್ಕಳ ದೊಡ್ಡ ಸಂಸಾರದ ಹೊಣೆ ಆಗ ಇವರ ಮೇಲಿತ್ತು. 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆಯನ್ನು ಸಂಪಾದಿಸಿ, ಹೊಸ ಬರಹಗಾರರಿಗೆ ಪ್ರೋತ್ಸಾಹ ನೀಡಿದರು.

ಇವರು ಸೇವೆಯನ್ನು ಬಿಟ್ಟ ಆ ಕಾಲದಲ್ಲಿಯೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಆರಂಭಿಸಿತ್ತು. ಹೊಸದಾಗಿ ಅಕ್ಷರ ಕಲಿತವರಿಗಾಗಿ ಸಮಿತಿ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರತಂದಿತು.

ಸಾಹಿತ್ಯ

1920ರಲ್ಲಿ ಪ್ರಕಟವಾದ ‘ಕೆಲವು ಸಣ್ಣ ಕಥೆಗಳು’ ಇವರ ಮೊದಲ ಕಥಾಸಂಕಲನ. ಒಟ್ಟು ಸುಮಾರು ನೂರು ಕಥೆಗಳನ್ನು ಬರೆದಿದ್ದಾರೆ. ಆಡಂಬರವಿಲ್ಲದ ಭಾಷೆ, ಯಾರೋ ಹೇಳಿದ್ದನ್ನು ಇನ್ನಾರಿಗೋ ತಿಳಿಸುವಂತಹ ನಿರೂಪಣೆ ಇವುಗಳ ಲಕ್ಷಣ. ಪ್ರಮುಖ ಕೃತಿಗಳು:

ಕಾದಂಬರಿ: ಚೆನ್ನಬಸವನಾಯಕ, ಚಿಕವೀರ ರಾಜೇಂದ್ರ (1956)
ನೀಳ್ಗತೆ: ಸುಬ್ಬಣ್ಣ (1928)
ನಾಟಕ: ಯಶೋಧರಾ, ಕಾಕನಕೋಟೆ
ಕಾವ್ಯ: ನವರಾತ್ರಿ, ಶ್ರೀರಾಮ ಪಟ್ಟಾಭಿಷೇಕ
ಆತ್ಮಕಥೆ: ಭಾವ (ಮೂರು ಸಂಪುಟಗಳು)

‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನ ಪತನವನ್ನು ಚಿತ್ರಿಸುವ ಐತಿಹಾಸಿಕ ಕಾದಂಬರಿ.

ಗೌರವ ಮತ್ತು ಪ್ರಶಸ್ತಿಗಳು

1929ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಅಕಾಡೆಮಿಯ ಫೆಲೋಶಿಪ್ ಲಭಿಸಿದವು. ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ನಾಲ್ಕನೆಯ ಕನ್ನಡ ಸಾಹಿತಿ ಇವರು.

ನಿಧನ ಮತ್ತು ಸ್ಮರಣೆ

ಮಾಸ್ತಿಯವರು 1986ರ ಜೂನ್ 6ರಂದು, ತಮ್ಮ 95ನೆಯ ಹುಟ್ಟುಹಬ್ಬದ ದಿನದಂದೇ, ಬೆಂಗಳೂರಿನಲ್ಲಿ ನಿಧನರಾದರು. ಇವರ ನೆನಪಿಗಾಗಿ ಮಾಸ್ತಿ ಪ್ರಶಸ್ತಿಯನ್ನು ನೀಡಲಾಗುತ್ತಿದೆ. ಮಾಸ್ತಿ ಗ್ರಾಮದಲ್ಲಿ ಇವರ ಹೆಸರಿನ ವಸತಿ ಶಾಲೆಯಿದೆ. ಅಲ್ಲಿನ ಇವರ ಮನೆಯನ್ನು ಸಾರ್ವಜನಿಕ ಗ್ರಂಥಾಲಯವನ್ನಾಗಿ ಮಾಡಲಾಗಿದ್ದು, ಕರ್ನಾಟಕ ಸರ್ಕಾರ ಅದನ್ನು ನಿರ್ವಹಿಸುತ್ತಿದೆ.