ಹ್ಯಾಫ್ಕಿನ್ನರ ಮದ್ದು, ಸರ್ಕಾರದ ಮೊಬಲಗು

ಮುಂಬಯಿಯ ಪರೇಲಿನಲ್ಲಿ ಹ್ಯಾಫ್ಕಿನ್ ಸಂಸ್ಥೆಯೆಂಬ ಹಳೆಯ ವೈದ್ಯಕೀಯ ಸಂಶೋಧನಾಲಯವೊಂದಿದೆ. ಒಂದು ಕಾಲಕ್ಕೆ ಬೊಂಬಾಯಿಯ ಗವರ್ನರರು ವಾಸವಾಗಿದ್ದ ಸೌಧವದು. ಹೆಸರನ್ನು ಕೇಳಿದವರು ಬಹಳ ಮಂದಿ. ಆ ಹೆಸರಿನ ಮನುಷ್ಯನ ಕಥೆಯನ್ನು ಬಲ್ಲವರು ಕಡಮೆ. ಆ ಕಥೆಯನ್ನು ಈಗ ಬರೆಯಲು ನನಗೊಂದು ಕಾರಣವುಂಟು. 2025ರ ಆಗಸ್ಟಿನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಎಂ-ಆರ್‌ಎನ್‌ಎ ಬಗೆಯ ಲಸಿಕೆಗಳ 22 ಸಂಶೋಧನಾ ಯೋಜನೆಗಳನ್ನು ಕೈಬಿಟ್ಟು, ಸುಮಾರು 50 ಕೋಟಿ ಡಾಲರುಗಳ ನೆರವನ್ನು ನಿಲ್ಲಿಸಿತು. ಹಣ ನಿಂತರೆ ಪ್ರಯೋಗಶಾಲೆಯ ಬಾಗಿಲು ಮುಚ್ಚುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಸೂಜಿಗೆ ತೋಳೊಡ್ಡಬೇಕೋ ಬೇಡವೋ ಎಂದು ಮನೆಯ ಜಗಲಿಯ ಮೇಲೆ ಕುಳಿತು ಯೋಚಿಸುವ ಸಾಮಾನ್ಯನ ಕೈಯಿಂದ ಅದರೊಡನೆ ಏನು ಜಾರಿಹೋಗುತ್ತದೆ ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ವಾಲ್ಡೆಮಾರ್ ಹ್ಯಾಫ್ಕಿನ್ನರ ಜೀವನದಲ್ಲಿ ಅದು ಕಾಣುತ್ತದೆ.

ಅವರು ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ, ಯಹೂದ್ಯರ ಮನೆಯಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಮೆಚ್ನಿಕಾಫರ ಶಿಷ್ಯರು. ಝಾರ್ ದೊರೆಯ ರಷ್ಯದಲ್ಲಿ ಯಹೂದ್ಯನಾದವನು ಮತಾಂತರ ಹೊಂದದೆ ಪ್ರಾಧ್ಯಾಪಕ ಪೀಠವನ್ನು ಏರುವಂತಿರಲಿಲ್ಲ. ಹ್ಯಾಫ್ಕಿನ್ ಮತವನ್ನು ಬಿಡಲಿಲ್ಲ, ದೇಶವನ್ನು ಬಿಟ್ಟರು. ಜಿನೀವಾಕ್ಕೆ ಹೋಗಿ, ಅಲ್ಲಿಂದ 1889ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದರು. ದೊರೆತ ಕೆಲಸ ಪುಸ್ತಕ ಭಂಡಾರದ ಸಹಾಯಕನದು. ಉಳಿದ ವೇಳೆಯಲ್ಲಿ ಕಾಲರಾ ರೋಗಾಣುಗಳೊಡನೆ ಹೋರಾಡುತ್ತ, 1892ರ ಜುಲೈ 18ರಂದು ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದಿತು, ಹೋಯಿತು. ಯೂರೋಪಿನ ಪಂಡಿತರು ಅಷ್ಟಾಗಿ ತಲೆದೂಗಲಿಲ್ಲ.

1893ರಲ್ಲಿ ಅವರು ಭಾರತಕ್ಕೆ ಬಂದರು. ವಾಂತಿಭೇದಿಯ ತವರು ಬಂಗಾಳ. ಅಪರಿಚಿತ ಬಿಳಿಯನೊಬ್ಬ ಸೂಜಿ ಹಿಡಿದು ಕೇರಿಗೆ ಬಂದರೆ ಜನ ಕಲ್ಲೆತ್ತಿಕೊಂಡದ್ದೂ ಉಂಟು. ಹ್ಯಾಫ್ಕಿನ್ನರು ಚೌಧುರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಳಿ ವೈದ್ಯರನ್ನು ಜೊತೆಗೆ ಕರೆದುಕೊಂಡು, ಜನರ ಎದುರಿಗೇ ತಮಗೆ ಸೂಜಿ ಹಾಕಿಸಿಕೊಂಡು ತೋರಿಸುತ್ತಿದ್ದರು. 1894ರಲ್ಲಿ ಕಲ್ಕತ್ತೆಯ ಕಾಟಾಲ್ ಬಗಾನ್ ಎಂಬ ಬಡವರ ಬಸ್ತಿಯಲ್ಲಿ ಸುಮಾರು 200 ಜನರ ಪೈಕಿ 116 ಮಂದಿ ಲಸಿಕೆಗೆ ಒಪ್ಪಿದರು. ಆಮೇಲೆ ಅಲ್ಲಿ 10 ಜನಕ್ಕೆ ಕಾಲರಾ ತಗಲಿ 7 ಜನ ತೀರಿಕೊಂಡರು; ಆ ಹತ್ತು ಮಂದಿಯೂ ಲಸಿಕೆಯನ್ನು ಬೇಡವೆಂದವರೇ. ಈ ಚಿಕ್ಕ ಲೆಕ್ಕವನ್ನು ಕಂಡ ಮೇಲೆಯೇ ನಗರದ ಆರೋಗ್ಯಾಧಿಕಾರಿಯು ಇನ್ನೂ ದೊಡ್ಡ ಪ್ರಯೋಗಕ್ಕೆ ಹಣ ಒದಗಿಸಿದ್ದು. ಚುಚ್ಚಿಸಿಕೊಂಡವರನ್ನು ಎಣಿಸುವವರು ಎಲ್ಲೆಡೆಯೂ ಸಿಕ್ಕಾರು. ಚುಚ್ಚಿಸಿಕೊಳ್ಳದವರನ್ನೂ ಮನೆಮನೆಗೆ ಹೋಗಿ, ತಿಂಗಳುಗಟ್ಟಲೆ ಎಣಿಸುತ್ತ ಕೂರುವುದಕ್ಕೆ ತಾಳ್ಮೆ ಬೇಕು, ತಾಳ್ಮೆಗಿಂತ ಮಿಗಿಲಾಗಿ ಸಂಬಳದ ಜನ ಬೇಕು.

1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂದಿತು. ಸರ್ಕಾರ ಹ್ಯಾಫ್ಕಿನ್ನರನ್ನು ಅಕ್ಟೋಬರಿನಲ್ಲಿ ಅಲ್ಲಿಗೆ ಕರೆಸಿಕೊಂಡಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತುತ್ತಿದ್ದ ಆ ದಿನಗಳಲ್ಲಿ ಈ ವಿಜ್ಞಾನಿಗೆ ದೊರೆತದ್ದೇನು? ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೊಠಡಿ, ಒಂದು ಪಡಸಾಲೆ. ಒಬ್ಬ ಗುಮಾಸ್ತ, ಮೂವರು ಜವಾನರು. ಕೈಕೆಳಗಿನವರಲ್ಲಿ ಒಬ್ಬ ದುಡಿದು ದುಡಿದು ನರಗಳ ನಿತ್ರಾಣಕ್ಕೆ ಗುರಿಯಾದ, ಇಬ್ಬರು ಕೆಲಸ ಬಿಟ್ಟರು. ಒಂದು ಸಾಮ್ರಾಜ್ಯದ ಎರಡನೆಯ ನಗರವನ್ನು ಉಳಿಸಲು ಇಷ್ಟು ಸಿಬ್ಬಂದಿ!

ಆ ಪಡಸಾಲೆಯಲ್ಲಿ ನಡೆದ ಕೆಲಸದ ಒಂದು ವಿವರ ನನಗೆ ಬಹಳ ಪ್ರಿಯವಾದದ್ದು. ರೋಗಾಣುಗಳನ್ನು ಬೆಳೆಸಲು ಯೂರೋಪಿನಲ್ಲಿ ದನದ ಮಾಂಸದ ಸಾರನ್ನು ಬಳಸುತ್ತಿದ್ದರು. ಈ ದೇಶದ ಜನರ ಮೈಯೊಳಕ್ಕೆ ಹೋಗುವ ಮದ್ದಿನಲ್ಲಿ ಅದು ಕೂಡದೆಂದು ಹ್ಯಾಫ್ಕಿನ್ನರು ಆಡಿನ ಮಾಂಸವನ್ನು ಆರಿಸಿಕೊಂಡರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರು. ಹನಿಯ ಅಡಿಯಿಂದ ಪ್ಲೇಗಿನ ರೋಗಾಣುಗಳು ಗುಹೆಯ ಸೂರಿನಿಂದ ಇಳಿಬಿದ್ದ ಸುಣ್ಣದ ಕೋಲುಗಳಂತೆ ಕೆಳಮುಖವಾಗಿ ಬೆಳೆದವು. ಅಲುಗಿಸಿದರೆ ಅವು ತಳಕ್ಕೆ ಬೀಳುವುವು, ಮತ್ತೆ ಹೊಸವು ಬೆಳೆಯುವುವು. ಹೀಗೆ ಬೆಳೆಸಿ, ಕಾಯಿಸಿ ಕೊಂದ ರೋಗಾಣುಗಳೇ ಲಸಿಕೆ. 1897ರ ಜನವರಿ 10ರಂದು ಅದನ್ನು ಎಂದಿನಂತೆ ಮೊದಲು ತಮಗೆ ಚುಚ್ಚಿಸಿಕೊಂಡರು, ಅದೂ ಪರರಿಗೆ ಕೊಡಲು ಯೋಚಿಸಿದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಬೈಕುಲಾದ ಸೆರೆಮನೆಗೆ ಪ್ಲೇಗು ಹೊಕ್ಕಾಗ ಕೈದಿಗಳಲ್ಲಿ ಮುಂದೆ ಬಂದವರಿಗೆ ಕೊಟ್ಟರು. ಲಸಿಕೆ ಪಡೆದ 147 ಜನರಲ್ಲಿ ಇಬ್ಬರಿಗೆ ರೋಗ ಬಂದು ಇಬ್ಬರೂ ಬದುಕಿದರು. ಪಡೆಯದ 172 ಜನರಲ್ಲಿ 12 ಮಂದಿಗೆ ಬಂದು 6 ಮಂದಿ ಸತ್ತರು. ಸೆರೆಯಾಳಿನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇಂದು ನಾವು ಕೇಳುತ್ತೇವೆ. ಕೇಳಬೇಕಾದದ್ದೇ.

ಸರ್ಕಾರದ ಕೈ ಬಿಗಿಯಾಗಿದ್ದಾಗ ಹತ್ತೊಂಬತ್ತು ವರ್ಷದ ಆಗಾ ಖಾನರು ಮುಂದೆ ಬಂದರು. ಖೋಜಾ ಪಂಗಡದ ಗುರುಪೀಠದಲ್ಲಿದ್ದ ಈ ತರುಣರು ತಮ್ಮವರ ಎದುರಿಗೆ ತಾವೇ ಲಸಿಕೆ ಹಾಕಿಸಿಕೊಂಡರು. ಪ್ರಯೋಗಶಾಲೆಗೆ ತಮ್ಮ ಖುಸ್ರು ಲಾಜ್ ಬಂಗಲೆಯನ್ನು ಬಿಟ್ಟುಕೊಟ್ಟರು. ಬೊಂಬಾಯಿಯ ಖೋಜಾಗಳಲ್ಲಿ ಸುಮಾರು ಅರ್ಧದಷ್ಟು ಜನ ತೋಳೊಡ್ಡಿದರು. ಇತ್ತ ಸರ್ಕಾರವು ಅದೇ 1897ರ ಸಾಂಕ್ರಾಮಿಕ ರೋಗಗಳ ಕಾನೂನನ್ನು ಹಿಡಿದು, ಮನೆ ಹೊಕ್ಕು ತಪಾಸಣೆ ಮಾಡಿಸುತ್ತಿತ್ತು. ಪುಣೆಯಲ್ಲಿ ಸೋಲ್ಜರುಗಳು ಮಾಡಿದ ಹಾವಳಿ ಪ್ಲೇಗು ಅಧಿಕಾರಿ ರ‍್ಯಾಂಡನ ಕೊಲೆಯಲ್ಲಿ ಮುಗಿಯಿತು. ಸೋಲ್ಜರಿಗೆ ಕೊಟ್ಟ ಹಣದಲ್ಲಿ ಎಷ್ಟು ಗುಮಾಸ್ತರನ್ನು ಇಡಬಹುದಾಗಿತ್ತೋ!

1898ರ ಫೆಬ್ರವರಿಯಲ್ಲಿ ಬರೋಡೆಯ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ನಡೆದುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳ್ಳಿಯಲ್ಲಿ ಪ್ಲೇಗು ನೆಲಸಿತ್ತು. ಗಾಯಕವಾಡರ ಅಧಿಕಾರಿಗಳ ಸಮಕ್ಷಮದಲ್ಲಿ ಹ್ಯಾಫ್ಕಿನ್ನರು ಪ್ರತಿಯೊಂದು ಮನೆಯಲ್ಲಿಯೂ ಹೆಚ್ಚುಕಡಮೆ ಅರ್ಧ ಜನಕ್ಕೆ ಲಸಿಕೆ ಹಾಕಿ, ಉಳಿದರ್ಧವನ್ನು ಹಾಗೆಯೇ ಬಿಟ್ಟರು. ಒಂದೇ ಸೂರು, ಒಂದೇ ಒಲೆ, ಅವೇ ಇಲಿಗಳು, ವ್ಯತ್ಯಾಸವೇನಿದ್ದರೂ ಲಸಿಕೆಯೊಂದೇ. ಆಮೇಲೆ ರೋಗ ಹೊಕ್ಕ ಮನೆಗಳನ್ನು ಲೆಕ್ಕ ಹಾಕಿದರು. ಲಸಿಕೆಯಿಲ್ಲದ 64 ಜನರಲ್ಲಿ 27 ಮಂದಿಗೆ ಪ್ಲೇಗು ತಗಲಿ 26 ಮಂದಿ ತೀರಿಹೋಗಿದ್ದರು. ಲಸಿಕೆ ಪಡೆದಿದ್ದ 71 ಜನರಲ್ಲಿ 8 ಮಂದಿಗೆ ತಗಲಿ 3 ಮಂದಿ ತೀರಿಹೋಗಿದ್ದರು. ಈ ಅಂಕಿಗಳನ್ನು ಓದಿದಾಗಲೆಲ್ಲ ನನಗೆ ಎರಡು ಭಾವಗಳು ಒಟ್ಟಿಗೆ ಬರುತ್ತವೆ. ಅಣ್ಣನಿಗೆ ಸೂಜಿ ಬಿದ್ದು ತಮ್ಮನಿಗೆ ಬೀಳದೆಹೋದ ಮನೆಗಳು ಕಣ್ಣ ಮುಂದೆ ನಿಂತು ಮೈ ನಡುಗುತ್ತದೆ. ಆದರೆ ಅಂಥ ಒಂದು ಲೆಕ್ಕವಿಲ್ಲದಿದ್ದರೆ ಮುಂದಿನ ಹಳ್ಳಿಯ ತಾಯಿಯೊಬ್ಬಳಿಗೆ, ಅವ್ವ, ನಿನ್ನ ಮಗುವಿಗೆ ಹಾಕಿಸು ಎಂದು ಯಾವ ಮುಖ ಹೊತ್ತು ಹೇಳುವುದು? ಸರ್ಕಾರದ ಹುಕುಮು ಎನ್ನಬೇಕು, ಇಲ್ಲವೇ ದೊರೆಯ ಮಾತನ್ನು ನಂಬು ಎನ್ನಬೇಕು. ಉಂಧೇರಾದ ಸತ್ತವರು ಅವಳ ಕೈಗೆ ಬೇರೊಂದು ಆಧಾರವನ್ನು ಕೊಟ್ಟುಹೋದರು.

ಕನ್ನಡಿಗರ ನೆಲಕ್ಕೂ ಈ ಮದ್ದು ಆ ವರ್ಷವೇ ಬಂದಿತು. ಆಗ ಬೊಂಬಾಯಿ ಇಲಾಖೆಗೆ ಸೇರಿದ್ದ ಹುಬ್ಬಳ್ಳಿಯಲ್ಲಿ ಪ್ಲೇಗು ಹೊತ್ತಿಕೊಂಡಾಗ ಸರ್ಜನ್ ಲ್ಯೂಮನ್ನರ ಮುಂದಾಳುತನದಲ್ಲಿ ಊರಿನ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಸರ್ಟಿಫಿಕೇಟು ಉಂಟು. ಅದಿದ್ದರೆ ಕ್ವಾರಂಟೀನಿನ ಕಾಟ ತಪ್ಪುತ್ತಿತ್ತು. ತೋಳು ಚಾಚಿದವರಲ್ಲಿ ಎಷ್ಟು ಜನ ಲಸಿಕೆಯನ್ನು ನಂಬಿದರು, ಎಷ್ಟು ಜನ ಚೀಟಿಯನ್ನು ನಂಬಿದರು ಎಂದು ಬೇರ್ಪಡಿಸುವವರು ಯಾರು? ಪ್ಲೇಗಿನ ವಿಚಾರಣೆಗೆಂದು ನೇಮಕವಾದ ಆಯೋಗವು ಲಸಿಕೆಯ ಅಂಕಿ ಅಂಶಗಳಲ್ಲಿ ಲೋಪಗಳನ್ನು ಎತ್ತಿ ಆಡಿತು, ಆದರೂ ಲಸಿಕೆಯಿಂದ ರಕ್ಷಣೆಯುಂಟೆಂದು ಒಪ್ಪಿಕೊಂಡಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಮಾರಿ ಕಾಲಿಟ್ಟಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಏಳಲು ಅದೇ ಕಾರಣ. ಪ್ಲೇಗಮ್ಮನ ಗುಡಿಗಳೂ ಎದ್ದವು. ಅವನ್ನು ಕಂಡು ನಗುವವರು ಉಂಟು, ನಾನು ನಗಲಾರೆ. ತಿಳಿವಳಿಕೆ ಕೈಗೆ ಸಿಗದ ಕಡೆ ಮನುಷ್ಯ ಇನ್ನಾವುದಕ್ಕೆ ಕೈ ಮುಗಿಯಬೇಕು?

1899ರ ಆಗಸ್ಟಿನಲ್ಲಿ ಪರೇಲಿನ ಸೌಧದಲ್ಲಿ ಪ್ಲೇಗು ಸಂಶೋಧನಾಲಯ ತೆರೆಯಿತು. ಹ್ಯಾಫ್ಕಿನ್ನರೇ ಅದರ ನಿರ್ದೇಶಕರು. ಇನ್ನು ಮೇಲೆ ಎಲ್ಲವೂ ಸುಗಮವೆಂದು ತೋರಿತು. ಅಷ್ಟರಲ್ಲಿ ಪಂಜಾಬದ ಸರ್ಕಾರ ಲಕ್ಷಗಟ್ಟಲೆ ಜನಕ್ಕೆ ಲಸಿಕೆ ಹಾಕಿಸುವ ಯೋಜನೆಯನ್ನು ಹೂಡಿತು. ಬೇಡಿಕೆ ಏರಿದಂತೆ ಬೇಗ ಬೇಗ ತಯಾರಿಸಬೇಕಾಗಿ, ಹ್ಯಾಫ್ಕಿನ್ನರು ಲಸಿಕೆಗೆ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಕಾಯಿಸಿ ಶುದ್ಧಗೊಳಿಸುವ ಕ್ರಮವನ್ನು ನೆಚ್ಚಿದರು. ಪಾಸ್ತರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಕ್ರಮವೇ ಅದು.

1902ರ ಅಕ್ಟೋಬರ್ 30ರಂದು ಪಂಜಾಬದ ಮುಲ್ಕೋವಾಲ್ ಗ್ರಾಮದಲ್ಲಿ 107 ಜನಕ್ಕೆ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಒಂದು ಸೀಸೆಯಿಂದ ಪಡೆದ 19 ಮಂದಿಗೆ ಧನುರ್ವಾಯು ಅಂಟಿತು. ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಸೀಸೆ ಪರೇಲಿನಲ್ಲೇ ಕೆಟ್ಟಿತ್ತೆಂದು ವಿಚಾರಣಾ ಮಂಡಲಿ ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟ ದೋಷವನ್ನು ಹ್ಯಾಫ್ಕಿನ್ನರ ತಲೆಗೆ ಕಟ್ಟಿತು. ಹಳ್ಳಿಯಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನೇ ಎತ್ತಿ, ಔಷಧದ ನೀರಿನಲ್ಲಿ ಅದ್ದಿ, ಮತ್ತೆ ಬಳಸಿದ್ದರು ಎಂಬ ಸಂಗತಿಗೆ ಸಲ್ಲಬೇಕಾದ ತೂಕ ಸಲ್ಲಲಿಲ್ಲ. ಧನುರ್ವಾಯುವಿನ ರೋಗಾಣು ನೆಲದ ಮಣ್ಣಿನಲ್ಲಿ ವಾಸಿಸುವುದೆಂಬುದು ಆಗಲೂ ತಿಳಿದ ವಿಷಯವೇ. ಹ್ಯಾಫ್ಕಿನ್ನರು ನಿರ್ದೇಶಕ ಪದವಿಯಿಂದ ಇಳಿದರು. 1904ರಲ್ಲಿ ಸಂಬಳವಿಲ್ಲದ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದರು.

ಇಲ್ಲಿ ನನ್ನ ಮನಸ್ಸನ್ನು ಚುಚ್ಚುವುದು ಒಬ್ಬ ವಿಜ್ಞಾನಿಗಾದ ಅನ್ಯಾಯವೊಂದೇ ಅಲ್ಲ. ಮಂಡಲಿಯ ವರದಿ ವರ್ಷಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಮುಲ್ಕೋವಾಲಿನ ಸುದ್ದಿಯೋ ಬಾಯಿಂದ ಬಾಯಿಗೆ ಹಬ್ಬಿತು. ಪಂಜಾಬದ ರೈತನಿಗೆ ತಿಳಿದದ್ದು ಇಷ್ಟೇ: ಸೂಜಿ ಹಾಕಿಸಿಕೊಂಡವರು ಸತ್ತರು. ಕೆಟ್ಟದ್ದು ಒಂದು ಸೀಸೆ, ಉಳಿದುವು ಚೆನ್ನಾಗಿದ್ದವು, ಇಂಥ ಎಚ್ಚರ ವಹಿಸಿದರೆ ಮತ್ತೆ ಹೀಗಾಗದು ಎಂದು ಅವನಿಗೆ ವಿವರಿಸಬಲ್ಲ ಮನುಷ್ಯನನ್ನೇ ಸರ್ಕಾರ ಮನೆಗೆ ಕಳುಹಿಸಿತ್ತು. ಆ ಮಹಾ ಯೋಜನೆ ಕುಸಿದುಬಿದ್ದಿತು. ಬೇಡವೆಂದ ರೈತನನ್ನು ಮೌಢ್ಯದವನೆಂದು ಜರೆಯುವುದು ಸುಲಭ. ಅವನ ಮುಂದೆ ಇಟ್ಟ ತಿಳಿವಳಿಕೆಯೇ ಅಷ್ಟಾಗಿದ್ದಾಗ ನಾನಾದರೂ ಬೇಡವೆನ್ನುತ್ತಿದ್ದೆ.

ಲಂಡನ್ನಿನ ಲಿಸ್ಟರ್ ಸಂಸ್ಥೆಯವರು ಸಾಕ್ಷ್ಯವನ್ನು ಮರುಪರಿಶೀಲಿಸಿ ಹ್ಯಾಫ್ಕಿನ್ನರ ಪರವಾಗಿ ಅಭಿಪ್ರಾಯವಿತ್ತರು. ಕೊನೆಗೆ ಹೋರಾಟದ ಮುಂಚೂಣಿಗೆ ಬಂದವರು ರೊನಾಲ್ಡ್ ರಾಸ್. ಮಲೇರಿಯಕ್ಕೆ ಸೊಳ್ಳೆ ಕಾರಣವೆಂದು ಕಂಡುಹಿಡಿದ, ನಮ್ಮ ಬೆಂಗಳೂರಿನಲ್ಲಿಯೂ ಕೆಲವು ವರ್ಷ ಸೇವೆ ಸಲ್ಲಿಸಿದ ವೈದ್ಯರು ಅವರು. ಸಂಶೋಧನೆಗೆ ರಜೆಯನ್ನೂ ಹಣವನ್ನೂ ಬೇಡಿ ಬೇಡಿ ಬೇಸತ್ತಿದ್ದ ಅವರಿಗೆ ಹ್ಯಾಫ್ಕಿನ್ನರ ಪಾಡು ಚೆನ್ನಾಗಿ ಅರ್ಥವಾಗಿದ್ದಿರಬೇಕು. ಸೀಸೆಯೊಳಗೆ ಧನುರ್ವಾಯುವಿನ ರೋಗಾಣು ನಲವತ್ತು ದಿನ ಬೆಳೆದಿದ್ದರೆ ತೆರೆದೊಡನೆ ದುರ್ನಾತ ಹೊಡೆಯಬೇಕಾಗಿತ್ತು. ಅಂಥದೇನೂ ಇರಲಿಲ್ಲವೆಂಬುದು ವಾದದ ಒಂದು ಮುಖ್ಯ ಅಂಶ. 1907ರ ಜುಲೈನಲ್ಲಿ ರಾಸ್ ಮತ್ತಿತರ ರೋಗಾಣುಶಾಸ್ತ್ರಜ್ಞರು ಕೂಡಿ ಸಹಿ ಮಾಡಿದ ಪತ್ರ ಲಂಡನ್ನಿನ ಟೈಮ್ಸಿನಲ್ಲಿ ಬಂದಿತು. ಆ ವರ್ಷದ ಕೊನೆಗೆ ಸರ್ಕಾರ ಹ್ಯಾಫ್ಕಿನ್ನರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಅದೇ 1907ರಲ್ಲಿ ಭಾರತದಲ್ಲಿ ಪ್ಲೇಗಿನಿಂದ ಸತ್ತವರ ಸಂಖ್ಯೆ 13 ಲಕ್ಷಕ್ಕೂ ಮೀರಿತ್ತು. ಯಾವ ವರ್ಷವೂ ಅಷ್ಟು ಜನ ಸತ್ತಿರಲಿಲ್ಲ.

ಕರೆದದ್ದೂ ಪರೇಲಿಗಲ್ಲ, ಕಲ್ಕತ್ತೆಗೆ. ಅಲ್ಲಿ ಅವರಿಗೆ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅಧಿಕಾರವಿರಲಿಲ್ಲ. ಉಂಧೇರಾದಂಥ ಲೆಕ್ಕವನ್ನು ತೆಗೆದ ಕೈಗೆ ಪುಸ್ತಕ ಮತ್ತು ಗಾಜಿನ ನಳಿಗೆಗಳಷ್ಟೇ ಉಳಿದುವು. ಕೆಲವು ವರ್ಷ ಹೀಗೆ ಕಳೆದು ಅವರು ಭಾರತವನ್ನು ಬಿಟ್ಟರು. ಮದುವೆಯಾಗಲಿಲ್ಲ. ಮುಪ್ಪಿನಲ್ಲಿ ತಮ್ಮ ಮತಧರ್ಮದ ಆಚರಣೆಯ ಕಡೆಗೆ ಹೆಚ್ಚು ಹೆಚ್ಚು ವಾಲಿ, ಕೂಡಿಟ್ಟ ಹಣವನ್ನು ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳಿಗೆಂದು ಮೀಸಲಿಟ್ಟರು.

1897ರಿಂದ 1925ರವರೆಗೆ ಬೊಂಬಾಯಿಯಿಂದ ಹೊರಗೆ ಹೋದ ಪ್ಲೇಗು ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಡೋಸು. ಆ 1925ರಲ್ಲಿಯೇ ಪರೇಲಿನ ಸಂಶೋಧನಾಲಯಕ್ಕೆ ಅವರ ಹೆಸರನ್ನು ಇಟ್ಟರು. ಐದು ವರ್ಷಗಳ ತರುವಾಯ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್‌ಲೆಂಡಿನ ಲೊಸಾನಿನಲ್ಲಿ ಹ್ಯಾಫ್ಕಿನ್ ತೀರಿಕೊಂಡರು.